ಅವಳಿ ಮರಿಯ ವಂಶವಾಹಿ: ಕುರಿಯ ಗುಣನಕ್ಷೆಯ ಡೇಟಾಬೇಸನ್ನು ನಾನು ಬಳಸಿಕೊಂಡ ಬಗೆ

ಧಾರವಾಡದಲ್ಲಿದ್ದುಕೊಂಡು ಗದಗ ಜಿಲ್ಲೆಯ ರೋಣ, ಗಜೇಂದ್ರಗಡ, ಶಿರಹಟ್ಟಿ ಕಡೆಯ ಹಿಂಡುಗಳಿಗೆ ಚಿಕಿತ್ಸೆ ನೀಡುವ ಪಶುವೈದ್ಯನಾದ ನನಗೆ ಕುರಿಗಾರರು ರೋಗದ ವಿಷಯಕ್ಕಿಂತ ಟಗರಿನ ವಿಷಯವನ್ನೇ ಹೆಚ್ಚು ಕೇಳುತ್ತಾರೆ. ಹುಟ್ಟಿದ ಗಂಡುಮರಿಗಳಲ್ಲಿ ಯಾವುದನ್ನು ಬೀಜಕ್ಕೆ ಉಳಿಸಿಕೊಳ್ಳಬೇಕು, ಯಾವುದನ್ನು ಸಂತೆಗೆ ಹೊಡೆಯಬೇಕು ಎಂಬ ಒಂದು ತೀರ್ಮಾನವೇ ಮುಂದಿನ ಕೆಲವು ವರ್ಷ ಹಿಂಡಿನ ಗತಿಯನ್ನು ನಿರ್ಧರಿಸುತ್ತದೆ. ಗಜೇಂದ್ರಗಡದ ಹತ್ತಿರ ಹೊಲವೊಂದರಲ್ಲಿ ಕುರಿ ತರುಬಿದ್ದ ಹಿರಿಯರೊಬ್ಬರು ತಮ್ಮ ಡೆಕ್ಕನಿ ತಳಿಯ ಹಿಂಡಿನ ಒಂದು ಕುರಿಯನ್ನು ತೋರಿಸಿ, "ಸಾಹೇಬ್ರ, ಇದು ಎರಡ ಸಲ ಜವಳಿ ಈದೈತ್ರಿ. ಇದರ ಟಗರಮರಿ ಇಟಗೊಂಡ್ರ ಹಿಂಡೆಲ್ಲ ಜವಳಿ ಈಯತೈತೇನ್ರಿ?" ಎಂದು ಕೇಳಿದರು. ಜವಳಿ ಎಂದರೆ ಅವಳಿ ಮರಿ. ಊಹೆಯ ಉತ್ತರ ಕೊಡಲು ಮನಸ್ಸು ಒಪ್ಪಲಿಲ್ಲ. ಜಾನುವಾರುಗಳ ಗುಣಲಕ್ಷಣಗಳ ವಂಶವಾಹಿ ನಕ್ಷೆಗಳನ್ನು ಸಾರ್ವಜನಿಕವಾಗಿ ಒದಗಿಸುವ ಡೇಟಾಬೇಸುಗಳನ್ನು ನಾನು ಗಂಭೀರವಾಗಿ ಬಳಸತೊಡಗಿದ್ದು ಈ ಪ್ರಶ್ನೆಯ ಬೆನ್ನು ಹತ್ತಿ.

ಇವುಗಳಲ್ಲಿ ನಾನು ಮೊದಲು ತೆರೆಯುವುದು ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆಯುವ ಅನಿಮಲ್ ಕ್ಯೂಟಿಎಲ್‌ಡಿಬಿಯನ್ನು. ಹಂದಿಯ ದಾಖಲೆಗಳಿಂದ ಆರಂಭವಾದ ಅದು ಮುಂದೆ ದನ, ಕೋಳಿ, ಕುರಿ, ಕುದುರೆ ಮೊದಲಾದವುಗಳಿಗೂ ವಿಸ್ತರಿಸಿತು. ಹಾಲಿನ ಕೊಬ್ಬು, ಮೈತೂಕ, ಹಾಕುವ ಮರಿಗಳ ಸಂಖ್ಯೆ ಮುಂತಾಗಿ ಅಳೆದು ಹೇಳಬಹುದಾದ ಗುಣವೊಂದು ಪ್ರಾಣಿಯಿಂದ ಪ್ರಾಣಿಗೆ ಬೇರೆಯಾಗುವುದರಲ್ಲಿ ಪಾಲು ಪಡೆದಿರುವ ಕ್ರೋಮೋಸೋಮಿನ ಭಾಗವನ್ನು ಕ್ಯೂಟಿಎಲ್ ಎನ್ನುತ್ತಾರೆ. ಪ್ರಪಂಚದ ಯಾವುದೇ ಮೂಲೆಯಲ್ಲಿ ಇಂಥ ಭಾಗವೊಂದನ್ನು ಗುರುತಿಸಿ ಪ್ರಕಟಿಸಿದ ಪ್ರಬಂಧವನ್ನು ಓದಿ, ಅದರಲ್ಲಿನ ಗುಣ, ಕ್ರೋಮೋಸೋಮ್, ಸ್ಥಾನ, ಮಾರ್ಕರ್ (ಆ ಸ್ಥಾನವನ್ನು ಹಿಡಿಯಲು ಬಳಸಿದ ಡಿಎನ್‌ಎ ಗುರುತು), ಸಂಖ್ಯಾಶಾಸ್ತ್ರೀಯ ಬಲ ಇವಿಷ್ಟನ್ನು ಒಂದೊಂದು ದಾಖಲೆಯಾಗಿ ಇಲ್ಲಿ ಕೂಡಿಸಿಟ್ಟಿದ್ದಾರೆ. ಹುಡುಕಲು ಶುಲ್ಕವಿಲ್ಲ. ದೊಡ್ಡ ಪ್ರಯೋಗಾಲಯದ ವಿಜ್ಞಾನಿಗೆ ಕಾಣುವ ದಾಖಲೆಯೇ ಧಾರವಾಡದ ಒಂದು ಚಿಕ್ಕ ಕೋಣೆಯಲ್ಲಿ ಕುಳಿತ ನನಗೂ ಕಾಣುತ್ತದೆ. ಇದು ನಮ್ಮಂಥವರಿಗೆ ಆಗಿರುವ ದೊಡ್ಡ ಉಪಕಾರವೆಂದು ನಾನು ಮನಸಾರೆ ನಂಬಿದ್ದೇನೆ.

ಕುರಿಯ ವಿಭಾಗದಲ್ಲಿ ಸಂತಾನೋತ್ಪತ್ತಿಯ ಗುಣಗಳನ್ನು ಆರಿಸಿಕೊಂಡು ಹುಡುಕಿದೆ. ಒಬ್ಬ ಸಂಶೋಧಕರು ಒಂದು ಈತಕ್ಕೆ ಹುಟ್ಟಿದ ಮರಿಗಳನ್ನು ಎಣಿಸಿದ್ದರೆ ಮತ್ತೊಬ್ಬರು ಒಂದು ಬೆದೆಯಲ್ಲಿ ಬಿಡುಗಡೆಯಾದ ಅಂಡಗಳನ್ನು ಎಣಿಸಿರುತ್ತಾರೆ; ಇವೆರಡೂ ಒಂದೇ ಅಲ್ಲ. ಗುಣಗಳ ಹೆಸರುಗಳನ್ನು ಕಶೇರುಕಗಳಿಗೆಲ್ಲ ಸಾಮಾನ್ಯವಾದ ಒಂದು ಪದಶ್ರೇಣಿಗೆ ಜೋಡಿಸಿರುವುದರಿಂದ ಬೇರೆ ಬೇರೆ ಪ್ರಬಂಧಗಳ ಒಂದೇ ಗುಣ ಒಂದೇ ಕಡೆ ಸಿಗುತ್ತದೆಯಾದರೂ, ಏನನ್ನು ಎಣಿಸಿದ್ದಾರೆಂದು ಮೂಲ ಪ್ರಬಂಧದಲ್ಲಿ ನೋಡದೆ ನಾನು ಎರಡು ದಾಖಲೆಗಳನ್ನು ಎಂದೂ ಒಟ್ಟುಗೂಡಿಸುವುದಿಲ್ಲ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಸ್ಥಾನದ ವಿಷಯದಲ್ಲಿ. ಹಳೆಯ ಅಧ್ಯಯನಗಳು ಮೈಕ್ರೋಸ್ಯಾಟಲೈಟ್ ಎಂಬ ಹಳೆಯ ಬಗೆಯ ಕೆಲವೇ ಮಾರ್ಕರುಗಳ ನಡುವಿನ ದೂರವನ್ನು ವಂಶವಾಹಿ ನಕ್ಷೆಯ ಅಳತೆಯಾದ ಸೆಂಟಿಮಾರ್ಗನ್ ಲೆಕ್ಕದಲ್ಲಿ ಹೇಳುತ್ತವೆ, ಮತ್ತು ಅಂಥ ಒಂದು ದಾಖಲೆಯ ವ್ಯಾಪ್ತಿಯೊಳಗೆ ನೂರಾರು ವಂಶವಾಹಿಗಳು ಇರಬಲ್ಲವು. ಹೊಸ ಅಧ್ಯಯನಗಳು ಸುಮಾರು 50 ಸಾವಿರ ಮಾರ್ಕರುಗಳನ್ನು ಒಟ್ಟಿಗೆ ಓದುವ ಚಿಪ್ ಬಳಸಿ ಒಂದೇ ಬೇಸಿನ, ಅಂದರೆ ಡಿಎನ್‌ಎಯ ಒಂದೇ ಅಕ್ಷರದ, ಸ್ಥಾನವನ್ನು ಕೊಡುತ್ತವೆ. ಆದರೆ ಆ ಸ್ಥಾನ ಯಾವ ಜೀನೋಮ್ ಆವೃತ್ತಿಯದು, ಅಂದರೆ ಕುರಿಯ ಇಡೀ ಡಿಎನ್‌ಎ ಸಾಲನ್ನು ಜೋಡಿಸಿಟ್ಟ ಯಾವ ನಕ್ಷೆಯದು, ಎಂಬುದು ತಿಳಿಯದಿದ್ದರೆ ಅದರಿಂದ ಉಪಯೋಗವಿಲ್ಲ. ಕುರಿಯ ಮಟ್ಟಿಗೆ ಟೆಕ್ಸೆಲ್ ತಳಿಯಿಂದ ಕಟ್ಟಿದ ಓಎಆರ್ 3.1 ಆವೃತ್ತಿ ಬಹುಕಾಲ ಬಳಕೆಯಲ್ಲಿತ್ತು, ಆಮೇಲೆ ರ‍್ಯಾಂಬುಯೆ ತಳಿಯ ಆವೃತ್ತಿಗಳು ಬಂದವು, ಮತ್ತು ಇವುಗಳ ನಡುವೆ ಅದೇ ವಂಶವಾಹಿಯ ಸ್ಥಾನಸಂಖ್ಯೆ ಬದಲಾಗುತ್ತದೆ. ಸಂಖ್ಯೆಯನ್ನು ನಕಲು ಮಾಡಿಕೊಳ್ಳುವ ಬದಲು ಮಾರ್ಕರಿನ ಗುರುತುಸಂಖ್ಯೆಯನ್ನೋ ಅದರ ಅಕ್ಕಪಕ್ಕದ ಬೇಸುಗಳ ಸಾಲನ್ನೋ ಹಿಡಿದು ಎನ್ಸೆಂಬಲ್ ಎಂಬ ಜೀನೋಮ್ ಡೇಟಾಬೇಸಿನಲ್ಲಿ ಮತ್ತೆ ಹುಡುಕುವುದು ನನ್ನ ರೂಢಿ. ಕಡತಗಳ ವಿಷಯದಲ್ಲೂ ಒಂದು ಮಾತು ಹೇಳಬೇಕು. ಕ್ಯೂಟಿಎಲ್‌ಡಿಬಿಯಿಂದ ಇಳಿಸಿಕೊಂಡ, ಸ್ಥಾನಗಳ ಪಟ್ಟಿಯಿರುವ ಜಿಎಫ್‌ಎಫ್ ಕಡತದಲ್ಲಿ ಕ್ರೋಮೋಸೋಮನ್ನು "ಸಿಎಚ್‌ಆರ್.6" ಎಂಬ ರೀತಿಯಲ್ಲಿ ಬರೆದಿದ್ದರೆ ಎನ್ಸೆಂಬಲ್‌ನಲ್ಲಿ ಬರೀ "6" ಎಂದಿರುತ್ತದೆ, ಜಿಎಫ್‌ಎಫ್‌ನಲ್ಲಿ ಎಣಿಕೆ ಒಂದರಿಂದ ಆರಂಭವಾದರೆ ಅಂಥದೇ ಇನ್ನೊಂದು ಬಗೆಯಾದ ಬೆಡ್ ಕಡತದಲ್ಲಿ ಸೊನ್ನೆಯಿಂದ. ಇವೆರಡನ್ನು ಸರಿಪಡಿಸದೆ ಕಡತಗಳನ್ನು ಹೋಲಿಸಿದರೆ ಗಣಕಯಂತ್ರ ಏನೂ ಸಿಗಲಿಲ್ಲವೆಂದು ಹೇಳಬಹುದು, ಇಲ್ಲವೆ ಪಕ್ಕದ ಬೇಸನ್ನು ತೋರಿಸಬಹುದು.

ಇಷ್ಟಾದ ಮೇಲೆ ನಾನು ಕೇಳುವ ಪ್ರಶ್ನೆ, ಈ ದಾಖಲೆ ಯಾವ ತಳಿಯ ಎಷ್ಟು ಕುರಿಗಳಿಂದ ಬಂದದ್ದು ಎಂಬುದು. ಒಂದು ಕ್ರೋಮೋಸೋಮಿನ ಮೇಲೆ ದಾಖಲೆಗಳು ದಟ್ಟವಾಗಿವೆ ಎಂದರೆ ಅಲ್ಲಿ ಹೆಚ್ಚು ಜನ ಹುಡುಕಿದ್ದಾರೆ ಎಂಬ ಅರ್ಥವೂ ಇರಬಹುದು. ಹುಡುಕಿಯೂ ಏನೂ ಸಿಗದ ಅಧ್ಯಯನಗಳು ಪ್ರಕಟವಾಗುವುದೇ ಕಡಿಮೆಯಾದ್ದರಿಂದ ಅವು ಇಲ್ಲಿ ಕಾಣಿಸಿಕೊಳ್ಳುವುದೂ ಕಡಿಮೆ. ಹೊಟ್ಟೆಹುಳಕ್ಕೆ ಕುರಿ ಎಷ್ಟು ತಡೆದುಕೊಳ್ಳುತ್ತದೆಂದು ತಿಳಿಯಲು ಹಿಕ್ಕೆಯಲ್ಲಿನ ಹುಳದ ಮೊಟ್ಟೆಗಳನ್ನು ಎಣಿಸುತ್ತಾರೆ; ಆ ಗುಣದ ದಾಖಲೆಗಳು ಹಲವು ಕ್ರೋಮೋಸೋಮುಗಳ ಮೇಲೆ ಹರಡಿಕೊಂಡಿವೆ, ಸಾಮಾನ್ಯವಾಗಿ ಒಂದೊಂದರ ಪಾಲೂ ಸಣ್ಣದು, ಒಂದು ತಳಿಯಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದೆಯೂ ಹೋಗಬಹುದು. ಅವುಗಳಲ್ಲಿ ಒಂದನ್ನು ಹಿಡಿದು ರೋಣದ ಟಗರನ್ನು ಆರಿಸುವುದು ನನ್ನ ದೃಷ್ಟಿಯಲ್ಲಿ ಕುರಿಗಾರರಿಗೆ ಮಾಡುವ ಅನ್ಯಾಯ.

ಅವಳಿ ಮರಿಯ ವಿಷಯದಲ್ಲಿ ಮಾತ್ರ ಪರಿಸ್ಥಿತಿ ಬೇರೆಯಾಗಿತ್ತು. ಆರನೆಯ ಕ್ರೋಮೋಸೋಮಿನ ಮೇಲೆ ಬಿಎಂಪಿಆರ್1ಬಿ ಎಂಬ ವಂಶವಾಹಿ ಇದೆ. ಆಸ್ಟ್ರೇಲಿಯಾದ ಬೂರೂಲಾ ಮೆರಿನೋ ಕುರಿಗಳು ಹೆಚ್ಚು ಮರಿ ಹಾಕುವುದಕ್ಕೆ ಇದರಲ್ಲಿನ ಒಂದೇ ಒಂದು ಬದಲಾವಣೆ ಕಾರಣವೆಂದು 2001ರಲ್ಲಿ ಮೂರು ಸಂಶೋಧನಾ ತಂಡಗಳು ಬೇರೆ ಬೇರೆಯಾಗಿಯೇ ಕಂಡುಕೊಂಡವು. ಪ್ರೋಟೀನಿಗೆ ಸಂಕೇತ ಕೊಡುವ ಸಾಲಿನ 746ನೆಯ ಸ್ಥಾನದಲ್ಲಿ ಎ ಬೇಸ್ ಇರಬೇಕಾದ ಕಡೆ ಜಿ ಬಂದು, ಪ್ರೋಟೀನಿನ 249ನೆಯ ಸ್ಥಾನದ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಹೋಗಿ ಆರ್ಜಿನೀನ್ ಆಗುತ್ತದೆ. ಫೆಕ್‌ಬಿ ಎಂದು ಕರೆಯುವ ಈ ರೂಪ ಒಂದು ಪ್ರತಿಯಲ್ಲಿದ್ದರೆ ಒಂದು ಬೆದೆಗೆ ಬಿಡುಗಡೆಯಾಗುವ ಅಂಡಗಳು ಸರಾಸರಿ ಒಂದೂವರೆ, ಎರಡು ಪ್ರತಿಯಲ್ಲಿದ್ದರೆ ಸುಮಾರು ಮೂರು ಹೆಚ್ಚುತ್ತವೆ. ಇದರ ಮೂಲ ನಮ್ಮ ದೇಶದ್ದೇ. 18ನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯಿಂದ ಹಡಗಿನಲ್ಲಿ ಹೋದ ಬಂಗಾಳದ ಕುರಿಗಳಿಂದ ಅದು ಆಸ್ಟ್ರೇಲಿಯಾ ಸೇರಿತೆಂದು ತಿಳಿದವರು ಹೇಳುತ್ತಾರೆ. ಸುಂದರಬನದ ಗಿಡ್ಡ ತಳಿಯಾದ ಗರೋಲ್ ಕುರಿಯಲ್ಲಿ ಅದು ಇಂದಿಗೂ ಇದೆ. ಮಹಾರಾಷ್ಟ್ರದ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಗರೋಲ್‌ನ ಈ ವಂಶವಾಹಿಯನ್ನು ಡೆಕ್ಕನಿ ಕುರಿಗೆ ತಂದು ನಾರಿ ಸುವರ್ಣ ತಳಿಯನ್ನು ಬೆಳೆಸಿದ್ದರಿಂದ, ನಮ್ಮ ಭಾಗದ ಹಿಂಡುಗಳಿಗೂ ಅಂಥ ಟಗರಿನ ರಕ್ತ ಬಂದಿರಬಹುದೇ ಎಂದು ಕೇಳಿಕೊಳ್ಳಲು ಕಾರಣವಿತ್ತು. ಒಂದೇ ವಂಶವಾಹಿಯಿಂದಾಗುವ ಗುಣಗಳನ್ನು ದಾಖಲಿಸುವ, ಸಿಡ್ನಿ ವಿಶ್ವವಿದ್ಯಾಲಯದ ಓಮಿಯಾ ಡೇಟಾಬೇಸಿನಲ್ಲೂ ಬೂರೂಲಾ ಗುಣದ ಪುಟವಿದೆ. ಎರಡೂ ಕಡೆ ಸಿಕ್ಕಿ, ಕಾರಣವಾದ ಬದಲಾವಣೆಯೇ ಗೊತ್ತಿರುವ ದಾಖಲೆಯನ್ನು ಮಾತ್ರ ನಾನು ಪರೀಕ್ಷೆಗೆ ಯೋಗ್ಯವೆಂದು ತೆಗೆದುಕೊಳ್ಳುತ್ತೇನೆ.

ಕಾರಣ ಗೊತ್ತಿದ್ದರೂ ಪರೀಕ್ಷೆ ಉಪಯೋಗಕ್ಕೆ ಬಾರದೆ ಹೋಗುವುದುಂಟು. ಹಾಲಿನ ಕೊಬ್ಬಿಗೆ ಸಂಬಂಧಿಸಿದ ಡಿಗ್ಯಾಟ್1 ವಂಶವಾಹಿ ದನದ 14ನೆಯ ಕ್ರೋಮೋಸೋಮಿನ ಮೇಲಿದ್ದು, ಅದರ ಎರಡು ರೂಪಗಳಲ್ಲಿ ಕೆ ಎಂಬುದು ಕೊಬ್ಬನ್ನು ಹೆಚ್ಚಿಸುತ್ತದೆಂದು 2002ರಲ್ಲೇ ತೋರಿಸಲಾಗಿದೆ. ಹೋಲ್‌ಸ್ಟೀನ್ ಹಸುಗಳಲ್ಲಿ ಎರಡೂ ರೂಪಗಳಿರುವುದರಿಂದ ಆರಿಸಲು ಅವಕಾಶವಿದೆ. ನಮ್ಮ ನಾಡದನಗಳಲ್ಲಿ ಬಹುಪಾಲು ಎಲ್ಲಕ್ಕೂ, ಎಮ್ಮೆಗಳಲ್ಲೂ, ಕೆ ರೂಪವೇ ಇರುವಾಗ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಆ ಪರೀಕ್ಷೆಯಿಂದ ಆಗದು. ಧಾರವಾಡಿ ಎಮ್ಮೆಯ ಹಾಲಿನ ಕೊಬ್ಬಿನ ಬಗ್ಗೆ ಕೇಳಿಕೊಂಡು ಬರುವವರಿಗೆ ನಾನು ಇದನ್ನೇ ವಿವರಿಸುತ್ತೇನೆ.

ಫೆಕ್‌ಬಿ ಪರೀಕ್ಷೆ ದುಬಾರಿಯದಲ್ಲ. ಅವಳಿ ಈದ ಕುರಿಗಳ ಮತ್ತು ಅದೇ ಹಿಂಡಿನ ಒಂಟಿ ಈದ ಕುರಿಗಳ ರಕ್ತವನ್ನು ಕುತ್ತಿಗೆಯ ರಕ್ತನಾಳದಿಂದ ತೆಗೆದು, ಹೆಪ್ಪುಗಟ್ಟದಂತೆ ಇಡಿಟಿಎ ಇರುವ ನಳಿಕೆಗಳಲ್ಲಿ ತುಂಬಿ, ಐಸಿನ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ತಂದೆವು. ಡಿಎನ್‌ಎಯ ಬೇಕಾದ ಭಾಗದ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ನಲ್ಲಿ 190 ಬೇಸ್ ಜೋಡಿಯ ತುಣುಕನ್ನು ಬೆಳೆಸಿ ಅವಾ-2 ಎಂಬ ಕಿಣ್ವದಿಂದ ಕತ್ತರಿಸಲು ಬಿಡಬೇಕು. ಸಾಮಾನ್ಯ ರೂಪವನ್ನು ಆ ಕಿಣ್ವ ಕತ್ತರಿಸುವುದಿಲ್ಲ. ಫೆಕ್‌ಬಿ ಇದ್ದರೆ ತುಣುಕು 160 ಮತ್ತು 30 ಆಗಿ ಒಡೆಯುತ್ತದೆ. 190ಕ್ಕೂ 160ಕ್ಕೂ ಅಂತರ ಚಿಕ್ಕದಾದ್ದರಿಂದ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ತೆಳುವಾಗಿದ್ದರೆ ಎರಡು ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ, ಆದಕಾರಣ ಶೇ. 3ರ ಅಗರೋಸ್ ಜೆಲ್ ಬೇಕು. ಫೆಕ್‌ಬಿ ಇದೆಯೆಂದು ಮೊದಲೇ ಗೊತ್ತಿರುವ ಕುರಿಯ ಡಿಎನ್‌ಎಯನ್ನೂ ಪಕ್ಕದಲ್ಲಿ ಓಡಿಸಲೇಬೇಕು. ಇಲ್ಲದಿದ್ದರೆ ಗೆರೆ ಒಡೆಯದಿರುವುದಕ್ಕೆ ಕುರಿ ಕಾರಣವೋ ಕಿಣ್ವ ಕೆಟ್ಟದ್ದು ಕಾರಣವೋ ಹೇಳಲಾಗದು. ನಮ್ಮ ಜೆಲ್‌ನಲ್ಲಿ ಹೋಲಿಕೆಯ ಮಾದರಿ ಸ್ಪಷ್ಟವಾಗಿ ಒಡೆದಿತ್ತು. ಹಿರಿಯರ ಹಿಂಡಿನ ಮಾದರಿಗಳಲ್ಲಿ, ಅವಳಿಯ ಕುರಿಗಳೂ ಸೇರಿ, 190ರ ಒಂದೇ ಗೆರೆ ಇತ್ತು.

ಹಾಗಾದರೆ ಆ ಕುರಿ ಎರಡು ಸಲ ಅವಳಿ ಹಾಕಿದ್ದೇಕೆ? ಮರಿಗಳ ಸಂಖ್ಯೆಯ ಆನುವಂಶಿಕತೆ, ಅಂದರೆ ಕುರಿಯಿಂದ ಕುರಿಗೆ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು, ಕುರಿಗಳಲ್ಲಿ ಸಾಮಾನ್ಯವಾಗಿ ಶೇ. 10ರ ಆಸುಪಾಸಿನಲ್ಲಿರುತ್ತದೆ, ಕ್ಯೂಟಿಎಲ್‌ಡಿಬಿ ತಂಡದವರದೇ ಆದ ಕಾರ್‌ಡಿಬಿಯಲ್ಲಿ ಇಂಥ ಅಂದಾಜುಗಳನ್ನು ತಳಿವಾರು ನೋಡಬಹುದು. ಉಳಿದದ್ದರಲ್ಲಿ ಟಗರು ಬಿಡುವ ಹೊತ್ತಿನಲ್ಲಿ ಕುರಿಯ ಮೈ ಹೇಗಿತ್ತು, ಎಷ್ಟನೆಯ ಈತ, ಆ ವರ್ಷದ ಮೇವು ಎಂಥದು ಎಂಬುದೆಲ್ಲ ಸೇರುತ್ತದೆ. ಹಲವು ತಳಿಗಳ ಡಿಎನ್‌ಎಯನ್ನು ಹೋಲಿಸಿ 2012ರಲ್ಲಿ ಪ್ರಕಟವಾದ ಕುರಿ ಹ್ಯಾಪ್‌ಮ್ಯಾಪ್ ಅಧ್ಯಯನದ 74 ತಳಿಗಳಲ್ಲಿ ಡೆಕ್ಕನಿಯೂ ಒಂದು ಎಂಬುದು ಸಂತೋಷದ ಸಂಗತಿ. ಆದರೆ ಅಲ್ಲಿರುವುದು ಮಾರ್ಕರುಗಳ ವಿವರವೇ ಹೊರತು ಯಾವ ಕುರಿ ಎಷ್ಟು ಮರಿ ಹಾಕಿತೆಂಬ ಲೆಕ್ಕವಲ್ಲ. ಗುಣದ ಲೆಕ್ಕವಿಲ್ಲದೆ ನಕ್ಷೆ ತಯಾರಾಗುವುದಿಲ್ಲ.

ಹಿರಿಯರಿಗೆ ನಾನು ಹೇಳಿದ್ದು ಇಷ್ಟು: "ಯಜಮಾನ್ರ, ಬಂಗಾಳದ ಕುರಿಯಾಗಿನ ಆ ಗುಣ ಇದರಾಗ ಇಲ್ರಿ. ಎರಡೂ ಮರಿಗೆ ಹಾಲು ಸಾಕಾಗಿ ಚಲೋ ಬೆಳದಿದ್ರ ಇಟಗೋರಿ, ಜವಳಿ ಆಸೆಕ್ಕ ಮಾತ್ರ ಬ್ಯಾಡ." ಅವರು ಒಪ್ಪಿದರು. ದಿನವಿಡೀ ನಡೆಯುವ ಹಿಂಡಿನಲ್ಲಿ ಅವಳಿಯ ಪೈಕಿ ಒಂದು ಹಾಲಿಲ್ಲದೆ ಸೊರಗುವುದನ್ನು ಅವರು ನನಗಿಂತ ಹೆಚ್ಚು ಕಂಡವರು. ಆ ಹಿಂಡಿನ ಪ್ರತಿ ಕುರಿಗೂ ಈಗ ಕಿವಿಯೋಲೆ ಹಾಕಿದ್ದೇವೆ. ಅವರ ಮೊಮ್ಮಗಳು ತಾಯಿ, ಟಗರು, ಎಷ್ಟನೆಯ ಈತ, ಹುಟ್ಟಿದ ಮರಿಗಳೆಷ್ಟು, ಮೂರು ತಿಂಗಳಿಗೆ ಉಳಿದವೆಷ್ಟು, ಅವುಗಳ ತೂಕವೆಷ್ಟು ಎಂಬುದನ್ನು ಪುಸ್ತಕದಲ್ಲಿ ಬರೆಯುತ್ತಾಳೆ. ಡೇಟಾಬೇಸಿನಲ್ಲಿ ಈ ಗುಣಗಳಿಗಿರುವ ಹೆಸರು ಮತ್ತು ಅಳತೆಗಳನ್ನೇ ನಾನು ಪುಸ್ತಕದ ಪಟ್ಟಿಗೂ ಇಟ್ಟಿದ್ದೇನೆ; ರಕ್ತದ ಮಾದರಿಗಳು ಅವೇ ಓಲೆಸಂಖ್ಯೆಗಳೊಂದಿಗೆ ಶೀತಪೆಟ್ಟಿಗೆಯಲ್ಲಿವೆ.