ಅಡಿಕೆ ಮಾರಾಟಕ್ಕೆ ಕೊಡುವ ಮೊದಲು ಎಐ ಹತ್ತಿರ ಏನು ಕೇಳಬೇಕು

ಕೊಯ್ಲು ಮುಗಿದ ಮೇಲೆ ನಮ್ಮ ತೀರ್ಥಹಳ್ಳಿ ಕಡೆ ಮನೆಮನೆಯಲ್ಲೂ ಒಂದೇ ಪ್ರಶ್ನೆ: ಈಗ ಕೊಡೋಣವಾ, ಕಾಯೋಣವಾ? ಇದನ್ನು ಚಾಟ್‌ಜಿಪಿಟಿಗೆ ನೇರವಾಗಿ ಕೇಳಬೇಡಿ. ಮುಂದಿನ ತಿಂಗಳ ಧಾರಣೆ ಅದಕ್ಕೂ ಗೊತ್ತಿಲ್ಲ. ನಮ್ಮ ಮನಸ್ಸು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಲು ಮಾತ್ರ ಅದು ತುಂಬಾ ಒಳ್ಳೆಯದು.

ಮನೆಯ ಲೆಕ್ಕ ನೋಡುವುದು ನಾನೇ. ಫೋನ್ ಮುಟ್ಟುವ ಮೊದಲು ಪುಸ್ತಕದಲ್ಲಿ ಬರೆದಿಡುತ್ತೇನೆ. ರಾಶಿ ಇಡಿ ದರ್ಜೆಯ ಅಡಿಕೆ ಎಷ್ಟು ಕ್ವಿಂಟಲ್ ಇದೆ, ಸೊಸೈಟಿ ಸಾಲದ ಗಡುವು ಯಾವಾಗ, ಕೊಳೆರೋಗಕ್ಕೆ ಔಷಧಿ ಹೊಡೆಸಲು ಎಷ್ಟು ಬೇಕು, ನನಗೆ ಏನನ್ನಿಸುತ್ತಿದೆ, ಯಾಕೆ. ಮೊದಲೇ ಬರೆಯದಿದ್ದರೆ ಎಐ ಹೇಳಿದ್ದೇ ನಮ್ಮ ಅಭಿಪ್ರಾಯ ಆಗಿಬಿಡುತ್ತದೆ.

ನಮ್ಮ ಮಾವ ಪ್ರತಿ ಸಲ ಹಳೆಯ ಒಳ್ಳೆಯ ಧಾರಣೆಯನ್ನೇ ನೆನೆಯುತ್ತಾರೆ. ಅದು ಅವರೊಬ್ಬರ ಹಟ ಅಲ್ಲ. 1974ರಲ್ಲಿ ಟ್ವರ್ಸ್ಕಿ ಮತ್ತು ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಮೊದಲು ಅಂಕಿಗಳಿದ್ದ ಚಕ್ರ ತಿರುಗಿಸಿದರು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. ಚಕ್ರದಲ್ಲಿ 10 ಕಂಡವರ ಅಂದಾಜು 25ರ ಆಸುಪಾಸು, 65 ಕಂಡವರದ್ದು 45. ಸಂಬಂಧವೇ ಇಲ್ಲದ ಅಂಕಿ ಇಷ್ಟು ಎಳೆಯುವುದಾದರೆ, ಒಮ್ಮೆ ಕೈಗೆ ಬಂದಿದ್ದ ಧಾರಣೆ ಇನ್ನೆಷ್ಟು ಎಳೆಯಬೇಡ, ಅಲ್ವಾ?

ಹಾಗಾಗಿ ಎಐಗೆ ಹೀಗೆ ಬರೆಯಿರಿ: "ನನ್ನ ಹತ್ತಿರ ಅಡಿಕೆ ಇಲ್ಲ, ಅಷ್ಟೇ ಬೆಲೆಯ ನಗದು ಇದೆ ಅಂದುಕೊ. ಇವತ್ತಿನ ಧಾರಣೆಗೆ ಅಡಿಕೆ ಕೊಂಡು ಮೂರು ತಿಂಗಳು ಇಡಬೇಕಾ? ಎರಡೂ ಕಡೆಯ ಕಾರಣ ಹೇಳು. ಬಡ್ಡಿ, ಒಣಗಿ ಇಳಿಯುವ ತೂಕ, ಹುಳದ ಭಯ ಎಲ್ಲ ಸೇರಿಸು." ಕೊಳ್ಳುವುದಿಲ್ಲ ಎಂದು ಮನಸ್ಸು ಹೇಳಿದರೆ, ಇಟ್ಟುಕೊಳ್ಳಲು ಕಾರಣ ಏನು ಎಂದು ಮತ್ತೆ ಯೋಚಿಸಿ. ಕೈಯಲ್ಲಿರುವ ವಸ್ತುವಿಗೆ ನಾವು ಜಾಸ್ತಿ ಬೆಲೆ ಕಟ್ಟುತ್ತೇವೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ತೋರಿಸಿದ ಸಂಗತಿಗಳಲ್ಲಿ ಇದೂ ಒಂದು.

ಒಂದು ಎಚ್ಚರ ಬೇಕೇ ಬೇಕು. ಎಐ ನಮ್ಮ ಮಾತಿಗೆ ಹೂಂಗುಟ್ಟುವುದು ಹೆಚ್ಚು. "ಕಾಯೋಣ ಅನ್ನಿಸುತ್ತಿದೆ" ಎಂದರೆ ಕಾಯಲು ಕಾರಣ ಹುಡುಕಿ ಕೊಡುತ್ತದೆ. ನಿಮ್ಮ ಒಲವು ಹೇಳಬೇಡಿ. ಇನ್ನೊಂದು ಹೊಸ ಚಾಟ್ ತೆರೆದು ಕೇಳಿ: "ಕಾದೆವು, ಮಳೆಗಾಲದಲ್ಲಿ ಪಶ್ಚಾತ್ತಾಪ ಪಟ್ಟೆವು. ಏನಾಗಿರಬಹುದು?" ಕೊಟ್ಟು ಪಶ್ಚಾತ್ತಾಪ ಪಟ್ಟೆವು ಎಂದೂ ಕೇಳಿ. ನಮ್ಮ ಮನೆಯಲ್ಲಿ ಜಗಳ ಮುಗಿಸುವುದು ಈ ಎರಡು ಪಟ್ಟಿಗಳೇ. ಎಷ್ಟೋ ಸಲ ಸಾಲಕ್ಕೆ ಬೇಕಾದಷ್ಟು ಕೊಟ್ಟು ಉಳಿದದ್ದನ್ನು ಇಡುತ್ತೇವೆ.

ಧಾರಣೆಯನ್ನು ಮಾತ್ರ ಎಪಿಎಂಸಿ ಪಟ್ಟಿಯಲ್ಲೇ ನೋಡಿ ನೀವೇ ಹಾಕಿ. ಪಾಸ್‌ಬುಕ್ ಫೋಟೊ, ಖಾತೆ ನಂಬರ್ ಯಾವುದನ್ನೂ ಅದಕ್ಕೆ ಕೊಡಬೇಡಿ.