ಎರಡು ಮೂಲ, ಒಂದು ಬಿಂದು: ವರ್ಗ ಸಮೀಕರಣ ಕಟ್ಟುವುದು ಹೇಗೆ?

ವರ್ಗ ಸಮೀಕರಣ ಕೊಟ್ಟು ಮೂಲ ಕಂಡುಹಿಡಿಯಿರಿ ಎಂದರೆ ಅನೇಕ ವಿದ್ಯಾರ್ಥಿಗಳು ಸರಸರನೆ ಬಿಡಿಸುತ್ತಾರೆ. ಅದೇ ಲೆಕ್ಕವನ್ನು ತಿರುವುಮುರುವು ಮಾಡಿ, ಎರಡು ಮೂಲಗಳನ್ನೂ ನಕ್ಷೆಯ ಮೇಲಿನ ಒಂದು ಬಿಂದುವನ್ನೂ ಕೊಟ್ಟು ಸಮೀಕರಣ ಬರೆಯಿರಿ ಎಂದಾಗ ಮಾತ್ರ ತಡವರಿಸುತ್ತಾರೆ. ನಿಜ ಹೇಳಬೇಕೆಂದರೆ ಈ ಎರಡನೆಯದೇ ಸುಲಭ.

ಒಂದು ಲೆಕ್ಕ ಹಿಡಿದೇ ನೋಡೋಣ. ಮೂಲಗಳು, ಅಂದರೆ ವೈ ಸೊನ್ನೆಯಾಗುವ ಎಕ್ಸ್ ಬೆಲೆಗಳು, −1 ಮತ್ತು 3. ಸಮೀಕರಣದ ನಕ್ಷೆಯಾದ ಪರವಲಯವು (2, −6) ಬಿಂದುವಿನ ಮೂಲಕ ಹಾದುಹೋಗುತ್ತದೆ.

ಮೊದಲ ಹೆಜ್ಜೆ, ಮೂಲಗಳಿಂದ ಅಪವರ್ತನ ಬರೆಯುವುದು. ಎಕ್ಸ್‌ನಿಂದ ಮೂಲವನ್ನು ಕಳೆಯಬೇಕು, ಅಷ್ಟೇ. 3ಕ್ಕೆ (ಎಕ್ಸ್ − 3). −1ಕ್ಕೆ ಎಕ್ಸ್ − (−1), ಅಂದರೆ (ಎಕ್ಸ್ + 1). ಚಿಹ್ನೆ ತಪ್ಪುವುದು ಇಲ್ಲೇ. ಅನುಮಾನ ಬಂದರೆ ಮೂಲವನ್ನು ಆವರಣದೊಳಗೆ ಹಾಕಿ ನೋಡಿ, ಸೊನ್ನೆ ಬರಲೇಬೇಕು.

ಈಗ ಎರಡನ್ನೂ ಗುಣಿಸಿ ಉತ್ತರ ಬರೆದುಬಿಡುವ ಆಸೆಯಾಗುತ್ತದೆ. ತಡೆಯಿರಿ. (ಎಕ್ಸ್ + 1)(ಎಕ್ಸ್ − 3) ಎಂಬುದಕ್ಕೆ −1 ಮತ್ತು 3 ಮೂಲಗಳು, ಸರಿ. ಅದರ ಎರಡರಷ್ಟಕ್ಕೂ ಅವೇ ಮೂಲಗಳು, ಹತ್ತರಷ್ಟಕ್ಕೂ ಅವೇ, −5ರಿಂದ ಗುಣಿಸಿದರೂ ಅವೇ. ಆ ಎರಡು ಬಿಂದುಗಳಲ್ಲಿ ಅಕ್ಷವನ್ನು ದಾಟುವ ಪರವಲಯಗಳು ಲೆಕ್ಕವಿಲ್ಲದಷ್ಟಿವೆ: ಕೆಲವು ಅಗಲ, ಕೆಲವು ಕಡಿದು, ಕೆಲವು ಬೋರಲು. ಬರೀ ಮೂಲಗಳಿಂದ ನಮ್ಮದು ಯಾವುದು ಎಂದು ಹೇಳಲಾಗದು. ಆದ್ದರಿಂದ ಮುಂದೆ ಒಂದು ಸಹಗುಣಕ ಇಟ್ಟೇ ಬರೆಯಬೇಕು:

ವೈ = ಎ(ಎಕ್ಸ್ + 1)(ಎಕ್ಸ್ − 3)

ಇಡೀ ಲೆಕ್ಕದ ಜೀವ ಈ ‘ಎ’ಯಲ್ಲಿದೆ. ಬಿಂದುವನ್ನು ಕೊಟ್ಟಿರುವುದೇ ಇದನ್ನು ಕಂಡುಹಿಡಿಯಲು.

ಬೆಲೆ ಹಾಕುವ ಮುಂಚೆ ಬಿಂದುವನ್ನೊಮ್ಮೆ ಕಣ್ಣಿಟ್ಟು ನೋಡಿ. 2 ಎಂಬುದು −1 ಮತ್ತು 3ರ ನಡುವೆ ಇದೆ, ಅಲ್ಲಿ ವೈ ಋಣ. ಮೂಲಗಳ ನಡುವೆ ವಕ್ರರೇಖೆ ಅಕ್ಷದ ಕೆಳಗಿದೆ ಎಂದರೆ ಪರವಲಯ ಮೇಲ್ಮುಖವಾಗಿ ತೆರೆದಿದೆ, ‘ಎ’ ಧನವೇ ಆಗಬೇಕು. ಲೆಕ್ಕಕ್ಕೆ ಮೊದಲೇ ಉತ್ತರದ ಚಿಹ್ನೆ ಗೊತ್ತಾಯಿತು. ಈ ಅಭ್ಯಾಸವನ್ನು ಬಿಡಬೇಡಿ.

ಇನ್ನು ಎಕ್ಸ್ = 2, ವೈ = −6 ಹಾಕಿ:

−6 = ಎ(2 + 1)(2 − 3) = −3ಎ

ಎ = 2. ಬಿಡಿಸಿ ಬರೆದರೆ ವೈ = 2ಎಕ್ಸ್² − 4ಎಕ್ಸ್ − 6. ತಾಳೆ ನೋಡಿ: ಎಕ್ಸ್ = 2 ಆದಾಗ 8 − 8 − 6 = −6. ಸರಿಹೋಯಿತು.

ಮೂಲಗಳಲ್ಲಿ ವರ್ಗಮೂಲ ಬಂದರೆ ದಾರಿ ಸ್ವಲ್ಪ ಬದಲಿಸುವುದು ಒಳ್ಳೆಯದು. 2 + √3 ಮತ್ತು 2 − √3 ಎಂದುಕೊಳ್ಳಿ. ಆವರಣ ಬಿಡಿಸುತ್ತಾ ಕೂರುವ ಬದಲು ಮೂಲಗಳ ಮೊತ್ತ, ಗುಣಲಬ್ಧ ತೆಗೆಯಿರಿ: ಮೊತ್ತ 4, ಗುಣಲಬ್ಧ 4 − 3 = 1. ಮೊತ್ತದ ಚಿಹ್ನೆ ಬದಲಿಸಿ, ಗುಣಲಬ್ಧವನ್ನು ಹಾಗೇ ಇಟ್ಟರೆ ವೈ = ಎ(ಎಕ್ಸ್² − 4ಎಕ್ಸ್ + 1). ಮೂಲಗಳಿಗೂ ಸಹಗುಣಕಗಳಿಗೂ ಇರುವ ಈ ನಂಟು ಫ್ರಾನ್ಸಿನ ಗಣಿತಜ್ಞ ಫ್ರಾಂಸ್ವಾ ವಿಯೇತ್ (1540–1603) ಹೆಸರಿನಲ್ಲಿದೆ. ಬಿಂದು (1, 4) ಆದರೆ 4 = −2ಎ, ಹಾಗಾಗಿ ಎ = −2. ಸಮೀಕರಣ ವೈ = −2ಎಕ್ಸ್² + 8ಎಕ್ಸ್ − 2.

ಎರಡೂ ಮೂಲ ಒಂದೇ ಆಗಿದ್ದರೆ, ಉದಾಹರಣೆಗೆ 3 ಮತ್ತು 3, ಅದೇ ಅಪವರ್ತನವನ್ನು ಎರಡು ಸಲ ಬರೆಯಿರಿ: ವೈ = ಎ(ಎಕ್ಸ್ − 3)². ಉಳಿದದ್ದೆಲ್ಲ ಹಾಗೆಯೇ.

ಬಿಂದು ಎಕ್ಸ್ ಅಕ್ಷದ ಮೇಲೇ ಇದ್ದರೆ ಮಾತ್ರ ಎಚ್ಚರ. ನಮ್ಮ ಮೊದಲ ಲೆಕ್ಕದಲ್ಲಿ (3, 0) ಎಂದು ಕೊಟ್ಟಿದ್ದರೆ 0 = ಎ × 0 ಎಂದಾಗುತ್ತಿತ್ತು; ‘ಎ’ಗೆ ಯಾವ ಬೆಲೆಯೂ ಹೊಂದುತ್ತದೆ, ಏಕೆಂದರೆ ಅದು ಈಗಾಗಲೇ ಗೊತ್ತಿದ್ದ ಮೂಲವೇ. (4, 0) ಎಂದಿದ್ದರೆ 0 = 5ಎ, ಅಂದರೆ ಎ = 0. ಆಗ ವರ್ಗಪದವೇ ಅಳಿಸಿಹೋಗುತ್ತದೆ. ಅಂಥ ವರ್ಗ ಸಮೀಕರಣ ಇಲ್ಲ ಎಂದೇ ಉತ್ತರ ಬರೆಯಬೇಕು.