ಅಂಗಿಗೆ ಹತ್ತಿದ ಹೊಗೆ

ಉಡುಪಿ ತಾಲೂಕಿನ ಹಿರಿಯಡ್ಕ ಕಡೆಯ ಗೇರುಬೀಜ ಫ್ಯಾಕ್ಟರಿಯೊಂದರಲ್ಲಿ, ಬೀಜ ಬೇಯಿಸಲು ಉಗಿ ಕೊಡುವ ಬಾಯ್ಲರ್ ನೋಡಿಕೊಳ್ಳುವವ ನಾನು. ಫ್ಯಾಕ್ಟರಿ ಗುಡ್ಡೆಯ ಮೇಲೆ, ಮನೆಗಳು ಕೆಳಗೆ ಬೈಲಿನಲ್ಲಿ. ಒಂದು ಡಿಸೆಂಬರಿನಲ್ಲಿ ಬೈಲಿನ ಅಕ್ಕ ಒಬ್ಬರು ಒಗೆದು ಒಣಗಿಸಿದ ಮಗುವಿನ ಅಂಗಿ ಹಿಡಿದುಕೊಂಡು ಗೇಟಿಗೇ ಬಂದರು. “ಮೂಸಿ ನೋಡಿ ಮಾರಾಯ್ರೆ, ಇದನ್ನು ಮಗುವಿಗೆ ಹಾಕುದು ಹೇಗೆ?” ಗೇರೆಣ್ಣೆಯ ಘಾಟು ಮೂಗಿಗೆ ಹೊಡೆಯಿತು.

ನಮ್ಮ ಕಾಗದಪತ್ರ ಸರಿಯೇ ಇತ್ತು. ಗಂಟೆಗೆ 2 ಟನ್ನಿಗಿಂತ ಕಡಿಮೆ ಉಗಿ ಕೊಡುವ ಬಾಯ್ಲರಿಗೆ, ಒಂದು ಘನ ಮೀಟರ್ ಹೊಗೆಯಲ್ಲಿ 1200 ಮಿಲಿಗ್ರಾಂ ದೂಳು ಎಂಬುದು ಮಿತಿ. ಅಳೆದ ದೂಳನ್ನು, ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 12 ಇದ್ದಾಗಿನ ಲೆಕ್ಕಕ್ಕೆ ತಂದು ಹೇಳುತ್ತಾರೆ; ಹಾಗಾಗಿ ಫ್ಯಾನ್ ಜೋರು ಮಾಡಿ ಹೊಗೆ ತೆಳುವಾಗಿಸಿದರೂ ಅಂಕಿ ಇಳಿಯುವುದಿಲ್ಲ. ನಾವು ಮಿತಿಯ ಒಳಗಿದ್ದೆವು. ಆದರೆ ಆ ಅಂಕಿ ದೂಳಿನದ್ದು. ಅಂಗಿಗೆ ಹತ್ತಿದ್ದು ಅರ್ಧ ಉರಿದ ಎಣ್ಣೆ. ನಾವು ಒಲೆಗೆ ಹಾಕುವುದು ಗೇರು ಸಿಪ್ಪೆ, ಅದರ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಎಣ್ಣೆಯೇ ಇರುತ್ತದೆ.

ಮರುದಿನದಿಂದ ಪ್ರತಿ ಸಲ ಸಿಪ್ಪೆ ಹಾಕಿದಾಗಲೂ ಹೊರಗೆ ಬಂದು ಚಿಮಿಣಿಯ ತುದಿ ನೋಡಿ, ಹೊತ್ತು ಮತ್ತು ಬಣ್ಣ ಪುಸ್ತಕದಲ್ಲಿ ಬರೆದಿಟ್ಟೆ. ಹೊಗೆಯ ಕಪ್ಪನ್ನು ಹೋಲಿಸಿ ನೋಡಲು ರಿಂಗಲ್‌ಮನ್ ಚಾರ್ಟ್ ಎಂಬುದೊಂದಿದೆ, 1ನೇ ನಂಬರ್ ಎಂದರೆ ಶೇ. 20ರಷ್ಟು ಕಪ್ಪು. ನಮ್ಮಲ್ಲಿ ಅದು ಅರ್ಧ ಕೆಲಸಕ್ಕೆ ಮಾತ್ರ ಬಂತು. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಎಂದು ಅರ್ಥ. ಆದರೆ ಘಾಟು ಇದ್ದದ್ದು ಬೆಳಿಗ್ಗೆ ಬೆಂಕಿ ಹಚ್ಚುವಾಗಿನ ಹಳದಿ ಹೊಗೆಯಲ್ಲಿ. ಒಲೆ ತಣ್ಣಗಿರುವಾಗ ಎಣ್ಣೆ ಉರಿಯದೆ ಆವಿಯಾಗಿ ಹೋಗುತ್ತದೆ. ಹಾಗಾಗಿ ಮೊದಲು ಒಣ ಸೌದೆ ಉರಿಸಿ, ಒಲೆಯ ಇಟ್ಟಿಗೆ ಕೆಂಪಾದ ಮೇಲೆಯೇ ಸಿಪ್ಪೆ. ಅದೂ ಬುಟ್ಟಿಗಟ್ಟಲೆ ಸುರಿಯದೆ ಎರಡೆರಡು ಸಲಿಕೆ. ಎಣ್ಣೆ ಹಿಂಡಿ ತೆಗೆದ ಸಿಪ್ಪೆ ಸಿಕ್ಕಿದಾಗ ಅದನ್ನೇ ಹಾಕಿದೆವು, ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು.

ಎಲ್ಲಕ್ಕಿಂತ ಉಪಕಾರವಾದದ್ದು ಹೊತ್ತು ಬದಲಿಸಿದ್ದು. ಚಳಿಗಾಲದಲ್ಲಿ ಬೆಳಿಗ್ಗೆ ಐದಕ್ಕೆ ತಣ್ಣನೆಯ ಗಾಳಿ ಬೈಲಿಗೆ ಇಳಿದು ಅಲ್ಲೇ ನಿಲ್ಲುತ್ತದೆ, ಹೊಗೆಯೂ ಅದರ ಜೊತೆಗೇ. ಬಿಸಿಲೇರಿ ಕಡಲ ಗಾಳಿ ಶುರುವಾದರೆ ಹೊಗೆ ಮೇಲೆದ್ದು ಚದರುತ್ತದೆ. ಬೇಯಿಸಿದ ಬೀಜ ಹೇಗೂ ರಾತ್ರಿ ಇಡೀ ಆರಬೇಕು, ಸಿಪ್ಪೆ ಒಡೆಯುವ ಕಟಿಂಗ್ ಮರುದಿನವೇ. ಹಾಗಿದ್ದ ಮೇಲೆ ಐದು ಗಂಟೆಗೆ ಬೇಯಿಸುವ ಅಗತ್ಯವೇ ಇರಲಿಲ್ಲ, ಮೊದಲಿನಿಂದ ನಡೆದುಬಂದಿತ್ತು ಅಷ್ಟೆ. ಮಧ್ಯಾಹ್ನಕ್ಕೆ ಹಾಕಿದೆವು. ಚಿಮಿಣಿ ಎತ್ತರಿಸುವ ಯೋಚನೆಯಲ್ಲಿದ್ದ ಮಾಲಕರು ಇದಕ್ಕೆ ಕೂಡಲೇ ಒಪ್ಪಿದರು.

ಅಕ್ಕ ಮತ್ತೆ ಗೇಟಿಗೆ ಬರಲಿಲ್ಲ. ನಾನೇ ಜನವರಿಯಲ್ಲಿ ಅವರ ಮನೆಗೆ ಹೋಗಿ ಕೇಳಿದೆ. “ಈಗ ಅಡ್ಡಿ ಇಲ್ಲ, ಆದರೆ ಮಳೆಗಾಲದಲ್ಲಿ ಎಂತ ಮಾಡ್ತೀರಿ?” ಎಂದರು. ಸರಿಯಾದ ಪ್ರಶ್ನೆ. ಒದ್ದೆ ಸಿಪ್ಪೆ ಹಾಕಿದರೆ ಮತ್ತೆ ಅದೇ ಹಳದಿ ಹೊಗೆ. ಸಿಪ್ಪೆ ರಾಶಿಯ ಪಡುಬದಿಗೆ ಎರಚಲು ಹೊಡೆಯದಂತೆ ಜೂನಿನ ಒಳಗೆ ತಗಡು ಹಾಕಿಸಬೇಕೆಂದು ಮಾಲಕರಲ್ಲಿ ಹೇಳಿದ್ದೇನೆ.